ನಾಲ್ಕನೇ ಜ್ವರದ ದಿನ ಕಾಣೆಯಾದ ದಿನಚರಿ

"ಸಂಜೆ ಬಸ್ಸಿಗೆ ಆ ಗುಮಾಸ್ತರು ಹೊರಡೋದ್ರೊಳಗೆ ಡೈರಿ ಸಿಗ್ಬೇಕು, ದಫೇದಾರಣ್ಣ. ಇಲ್ಲಾಂದ್ರೆ ಅದೇ ಬಸ್ಸಿಗೆ ನಮ್ಮ ಭಾವನೋರು ನನ್ನನ್ನೂ ತವರಿಗೆ ಹತ್ತಿಸ್ತಾರಂತೆ, ಕಳ್ಳಿ ಅಂತ ಹೆಸರು ಕಟ್ಟಿ!"

ಆವತಿಯಿಂದ ದೇವನಹಳ್ಳಿವರೆಗೆ ನಡೆದೇ ಬಂದಿದ್ದ ಮುನಿಲಕ್ಷ್ಮಮ್ಮ ನಮ್ಮ ಜಗಲಿಯಲ್ಲಿ ಕೂತು ಒಂದೇ ಉಸಿರಿಗೆ ಹೇಳಿದರು. ನಮ್ಮ ಜಗಲಿ ಎಂದರೆ ವೆಂಕಟರಾಯಪ್ಪನವರದು. ಪೊಲೀಸ್ ದಫೇದಾರರಾಗಿ ನಿವೃತ್ತರಾಗಿದ್ದರು. ಸುತ್ತಲ ಹಳ್ಳಿಗಳಲ್ಲಿ ಏನು ಕಾಣೆಯಾದರೂ ಜನ ಠಾಣೆಗಿಂತ ಮೊದಲು ಇಲ್ಲಿಗೇ ಬರುತ್ತಿದ್ದರು. ತಾಲ್ಲೂಕು ಕಚೇರಿಯ ಟೈಪಿಸ್ಟ್ ಆದ ನಾನು ಅವರ ಹಿಂದಿನ ಕೋಣೆಯ ಬಾಡಿಗೆದಾರ. ಅವರು ಎಲ್ಲಿಗೆ ಹೊರಟರೂ ಅವರ ಬಾಲ. ಅದು ಯುದ್ಧ ಮುಗಿದ ಮರುವರ್ಷ, 1946.

ವಿಷಯ ಇಷ್ಟು. ಆವತಿಯಲ್ಲಿ ಮೊಟ್ಟಮೊದಲು ಹಿಪ್ಪುನೇರಳೆ ನೆಟ್ಟು ರೇಷ್ಮೆ ಹುಳು ಸಾಕಿದವರು ಮುನಿಲಕ್ಷ್ಮಮ್ಮನ ಮಾವ ಸೊಣ್ಣಪ್ಪ. ಪ್ಯಾರಾಚೂಟಿಗೆಂದು ಸರ್ಕಾರ ರೇಷ್ಮೆಯನ್ನೆಲ್ಲ ಎತ್ತುತ್ತಿದ್ದ ಯುದ್ಧದ ವರ್ಷಗಳಲ್ಲಿ ದಿನ ಬಿಡದೆ ದಿನಚರಿ ಬರೆದು, ಹೋದ ವರ್ಷ ತೀರಿಕೊಂಡಿದ್ದರು. ಅದನ್ನೂ ಮನೆತನದ ಹಳೆಯ ಕಾಗದಗಳನ್ನೂ ಕಾಪಾಡಿ ಇಡುವುದಕ್ಕೆಂದು ಮೈಸೂರಿನ ಒಂದು ದಫ್ತರಖಾನೆಯಿಂದ ಆದಿನಾರಾಯಣಪ್ಪ ಎಂಬ ಗುಮಾಸ್ತರು ಬಂದಿದ್ದರು. ಮೊನ್ನೆ ಸಂಜೆ ಮನೆಯವರನ್ನೆಲ್ಲ ಕೂರಿಸಿಕೊಂಡು ದಿನಚರಿ ಓದಿದ್ದರು. ನಿನ್ನೆ ಮಧ್ಯಾಹ್ನ ಪೆಟ್ಟಿಗೆ ತೆರೆದರೆ ಮಿಕ್ಕ ಕಾಗದವೆಲ್ಲ ಇತ್ತು, ದಿನಚರಿ ಇರಲಿಲ್ಲ.

"ಬೀಗದಕೈ?" ಎಂದರು ದಫೇದಾರರು.

"ಮಾವ ನನ್ನ ಕೈಗೇ ಕೊಟ್ಟಿದ್ರು. ಸೊಂಟದಲ್ಲೇ ಇರ್ತದೆ. ಸ್ನಾನಕ್ಕೆ ಹೋದಾಗ ಮಾತ್ರ ಗೋಡೆ ಗೂಡಲ್ಲಿ ಇಡ್ತೀನಿ. ಅದು ಮನೆಯವ್ರಿಗೆಲ್ಲ ಗೊತ್ತು."

"ದಿನಚರಿ ಓದಿದಾಗ ಯಾರಾದ್ರೂ ಮುಖ ಗಂಟು ಹಾಕ್ಕೊಂಡ್ರಾ?"

"ಭಾವನೋರು ಹಾಕ್ಕೊಂಡ್ರು. ಅವ್ರು ಕಾಳಸಂತೇಲಿ ರೇಷ್ಮೆ ಮಾರಿದ್ದನ್ನ ಮಾವ ಬರೆದ್ಬಿಟ್ಟಿದ್ರು. ಅವ್ರ ಹೆಂಡ್ತಿ, ನಮ್ಮಕ್ಕ, ಅರ್ಧಕ್ಕೇ ಹುಳು ನೋಡ್ತೀನಿ ಅಂತ ಎದ್ದೋದ್ರು."

ಜಟಕಾದಲ್ಲಿ ಆವತಿ ತಲುಪಿದಾಗ ಭಾವ ಅಪ್ಪಯ್ಯಣ್ಣ ಬಾಗಿಲಲ್ಲೇ ನಿಂತಿದ್ದರು. "ಬೀಗದಕೈ ಯಾರ ಸೊಂಟದಲ್ಲಿತ್ತೋ ಅವ್ರನ್ನ ಕೇಳೋದು ಬಿಟ್ಟು ಊರೆಲ್ಲ ಸುತ್ತಾಡ್ತೀರಲ್ಲ!"

ಪಕ್ಕದ ಮನೆಯ ರಾಮಾಂಜಿನಪ್ಪ ಗೋಡೆಯ ಮೇಲಿಂದ ಕತ್ತು ಚಾಚಿದರು. "ಮೊದ್ಲು ಹಿಪ್ಪುನೇರಳೆ ಕಡ್ಡಿ ನೆಟ್ಟಿದ್ದು ನಮ್ಮಪ್ಪ. ಹೆಸರು ಹೊಡ್ಕೊಂಡಿದ್ದು ಸೊಣ್ಣಪ್ಪ. ಆ ಸುಳ್ಳಿನ ಪುಸ್ತಕ ಮೈಸೂರಿಗೆ ಹೋಗೋದು ತಪ್ತಲ್ಲ, ಒಳ್ಳೇದೇ ಆಯ್ತು ಬಿಡಿ."

"ಇವ್ರೇ ಕದ್ದಿರೋದು," ಎಂದು ನಾನು ದಫೇದಾರರ ಕಿವಿಯಲ್ಲಿ ಉಸುರಿದೆ.

"ನಿನ್ನ ಬೆರಳಿಗಿಂತ ನಿನ್ನ ಬಾಯಿ ಜೋರು ಕಣಯ್ಯಾ," ಎಂದರು.

ಅಂಗಳದ ಆ ತುದಿಯಲ್ಲಿ ಹುಳುವಿನ ಮನೆ. ಹಿರಿಯ ಸೊಸೆ ರುಕ್ಮಿಣಮ್ಮ ಹೊಸ್ತಿಲಲ್ಲೇ ತಡೆದರು. "ಹೊಗೆಸೊಪ್ಪು ಹೊರಗಿಡಿ, ದಫೇದಾರ್ರೇ. ದನಿ ಎತ್ಬೇಡಿ. ನಾಲ್ಕನೇ ಜ್ವರ. ನಿನ್ನೆ ಬೆಳಕು ಹರಿಯೋ ಮುಂಚೆ ಕೂತವೆ, ಇವತ್ತು ಮಧ್ಯಾಹ್ನ ಏಳ್ತವೆ."

ಪೊರೆ ಬಿಡುವ ಮುನ್ನ ಹುಳು ಮೇವು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಕೂರುವುದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ಆಗ ಹುಳು ಸಾಕುವ ತಟ್ಟೆಯನ್ನು ಯಾರೂ ಮುಟ್ಟುವುದಿಲ್ಲ. ದಫೇದಾರರು ಹೊಸ್ತಿಲು ದಾಟಲೇ ಇಲ್ಲ. ಕೈಮುಗಿದು ಹಿಂದೆ ಬಂದು, ಗುಮಾಸ್ತರ ಪಕ್ಕ ಜಗಲಿಯಲ್ಲಿ ಕೂತರು.

"ನಿನ್ನೆ ಇಲ್ಲೇ ಇದ್ರಾ?"

"ಬೆಳಗ್ಗೆಯಿಂದ ಇಲ್ಲೇ ಕೂತು ಪಟ್ಟಿ ಮಾಡ್ತಿದ್ದೆ ಸ್ವಾಮಿ. ಹಿತ್ತಿಲ ಬಾಗಿಲಿಗೆ ಅಗಳಿ ಹಾಕಿತ್ತು. ಹೊರಗಿನವ್ರು ಒಬ್ರೂ ಬರ್ಲಿಲ್ಲ. ಅಪ್ಪಯ್ಯಣ್ಣ ಬರೀ ಮೈಲಿ ಕೈಬೀಸ್ಕೊಂಡು ತೋಟಕ್ಕೆ ಹೋದ್ರು. ಕಿರೀಸೊಸೆ ಸ್ನಾನಕ್ಕೆ ಹೋಗಿದ್ರು. ಹಿರೀಸೊಸೆ ಸೊಪ್ಪಿನ ಮಂಕರಿ ಎತ್ಕೊಂಡು ಮನೆಯಿಂದ ಹುಳುವಿನ ಮನೆಗೆ ಹೋದ್ರು. ಪಾಪ, ಆಯಮ್ಮನಿಗೆ ಬಿಡುವೇ ಇಲ್ಲ."

ದಫೇದಾರರು ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದರು. ಆಮೇಲೆ ಗುಮಾಸ್ತರ ಜತೆ ಮೈಸೂರಿನ ಹವೆ, ನೀರು, ಮಲ್ಲಿಗೆ ಎಂದು ಮಧ್ಯಾಹ್ನದವರೆಗೆ ಮಾತಾಡಿದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಆ ಗುಮಾಸ್ತರನ್ನು ಕಂಡು ನನ್ನ ಹೊಟ್ಟೆಯೂ ಸ್ವಲ್ಪ ಉರಿಯಿತು.

"ಮನೆಯೆಲ್ಲ ಹುಡುಕಾಯ್ತಂತೆ. ಹುಳುವಿನ ಮನೆ ಒಂದೇ ಉಳಿದಿರೋದು," ಎಂದೆ.

"ಜ್ವರದಲ್ಲಿರೋ ಹುಳಾನ ಅಲ್ಲಾಡಿಸಿದ್ರೆ ಇವ್ರ ಬೆಳೆ ಹೋಯ್ತು. ಅವು ಏಳೋವರ್ಗೂ ಕೂತ್ಕೋ."

ಬಿಸಿಲು ವಾಲುವ ಹೊತ್ತಿಗೆ ಹುಳು ಎದ್ದವು. ದಫೇದಾರರು ಎಲ್ಲರನ್ನೂ ಹುಳುವಿನ ಮನೆಯ ಬಾಗಿಲಿಗೆ ಕರೆಸಿದರು. ರಾಮಾಂಜಿನಪ್ಪ ಕರೆಯುವ ಮೊದಲೇ ಬಂದಿದ್ದರು.

"ರಾಮಾಂಜಿನಪ್ಪನ ಜಗಳ ಮೊದ್ಲು ಕಡ್ಡಿ ನೆಟ್ಟೋರು ಯಾರು ಅನ್ನೋದು," ಎಂದು ದಫೇದಾರರು ಶುರುಮಾಡಿದರು. "ಅದು ಮೂವತ್ತು ವರ್ಷದ ಹಿಂದಿನ ಮಾತು. ಆ ಕಾಲದ ಕಾಗದವೆಲ್ಲ ಪೆಟ್ಟಿಗೇಲಿ ಹಾಗೇ ಇದೆ. ಇವ್ರು ಕದಿಯೋದಾದ್ರೆ ಅದನ್ನ ಕದೀತಿದ್ರು. ಅಪ್ಪಯ್ಯಣ್ಣನಿಗೆ ಬೇಡವಾಗಿದ್ದು ಒಂದು ಪುಟ. ಹರಿದು ಒಲೆಗೆ ಹಾಕಿದ್ರೆ ಸಾಕಿತ್ತು. ಅಷ್ಟು ದಪ್ಪ ಪುಸ್ತಕ ಬರೀ ಮೈಲಿ ಎಲ್ಲಿ ಬಚ್ಚಿಟ್ಕೊಂಡು ಹೋಗ್ತಾರೆ? ಇನ್ನು ಮುನಿಲಕ್ಷ್ಮಮ್ಮ. ಗುಮಾಸ್ತರೇ, ದಿನಚರೀಲಿ ಈಯಮ್ಮನ ಬಗ್ಗೆ ಏನಿದೆ?"

"ಪುಟಪುಟದಲ್ಲೂ ಹೊಗಳಿಕೆ ಸ್ವಾಮಿ. 'ಮುನಿಲಕ್ಷ್ಮಿ ಬಂದ ಮೇಲೆ ಹುಳುವಿಗೆ ಕಳೆ ಬಂದಿದೆ' ಅಂತ."

"ಅಂಥಾ ಪುಸ್ತಕಾನ ಯಾಕೆ ಬಚ್ಚಿಡ್ತಾರೆ? ಮನೆಯಿಂದ ಹೊರಗೆ ಹೋಗಿದ್ದು ಇನ್ನೊಂದೇ, ಸೊಪ್ಪಿನ ಮಂಕರಿ. ಮೈಸೂರಿನೋರಿಗೆ ಅದು ದಿನದ ಕೆಲ್ಸ ಅನ್ನಿಸ್ತು. ಆದ್ರೆ ನಿನ್ನೆ ಬೆಳಗಿಂದ ಹುಳು ಜ್ವರದಲ್ಲಿದ್ವು. ತಿನ್ನದ ಹುಳುವಿಗೆ ಸೊಪ್ಪು ಯಾಕೆ, ರುಕ್ಮಿಣಮ್ಮ?"

ರುಕ್ಮಿಣಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡರು.

"ಇಪ್ಪತ್ತು ವರ್ಷದಿಂದ ಈ ಅಂಗಳ ದಾಟೋವಾಗೆಲ್ಲ ನಿಮ್ಮ ಸೊಂಟದ ಮೇಲೆ ಮಂಕರಿ ಇದೆ. ನಿನ್ನೆ ಈಯಮ್ಮ ಸ್ನಾನಕ್ಕೆ ಹೋದಾಗ ಗೂಡಲ್ಲಿದ್ದ ಬೀಗದಕೈ ತಗೊಂಡು ದಿನಚರಿ ತೆಗೆದ್ರಿ, ಆಗ್ಲೂ ಕೈ ತಾನಾಗೇ ಮಂಕರಿಗೇ ಹೋಯ್ತು. ಜ್ವರದ ತಟ್ಟೆ ಯಾರೂ ಎತ್ತಲ್ಲ ಅನ್ನೋದೂ ನಿಮಗೆ ಗೊತ್ತಿತ್ತು. ಹುಳು ಅಲ್ಲಾಡದಂಗೆ ಪುಸ್ತಕ ತೂರಿಸೋಕಾಗೋದು ಎಲ್ಲಕ್ಕೂ ಕೆಳಗಿನ ತಟ್ಟೆ ಅಡಿಗೆ ಮಾತ್ರ. ಅದನ್ನ ಎತ್ತಿ, ತಾಯಿ."

ರುಕ್ಮಿಣಮ್ಮ ಒಳಗೆ ಹೋಗಿ, ಒಂದು ಹುಳುವೂ ಉರುಳದಂತೆ ತಟ್ಟೆ ಎತ್ತಿ, ಅಡಿಯಿಂದ ದಿನಚರಿ ತಂದರು. ಅತ್ತಿರಲಿಲ್ಲ.

"ಮೊನ್ನೆ ಅರ್ಧದವರ್ಗೂ ಕಿವಿಗೊಟ್ಟು ಕೇಳ್ದೆ. ಎತ್ತಿನ ಹೆಸ್ರು ಬಂತು. ನಾಯಿ ಹೆಸ್ರು ಬಂತು. ಇವ್ಳ ಹೆಸ್ರು ಎಷ್ಟು ಸಲ ಬಂತೋ! ಇವ್ಳು ಬಂದಿದ್ದು ನಲವತ್ತೆರಡರಲ್ಲಿ. ಅದಕ್ಕೆ ಮುಂಚೆ ಹುಳು ಯಾರು ಸಾಕಿದ್ರು? ನನ್ನ ಹೆಸ್ರು ಒಂದು ಸಲಾನೂ ಬರ್ಲಿಲ್ಲ. ಕೇಳಕ್ಕಾಗ್ದೆ ಎದ್ದೋದೆ. ನಮ್ಮನೆಯವ್ರು ಇವ್ಳನ್ನ ತವರಿಗೆ ಕಳಿಸ್ತೀನಿ ಅಂದಾಗ ಬಾಯಿ ಬಿಡ್ಬೇಕಿತ್ತು. ಒಂದಿನ ಇವ್ಳ ಹೆಸ್ರೂ ಕೆಡ್ಲಿ ಅನ್ನಿಸ್ತು. ಸುಮ್ಮನಿದ್ದೆ."

ಮುನಿಲಕ್ಷ್ಮಮ್ಮನ ಕಣ್ಣು ತುಂಬಿತು. ಅಪ್ಪಯ್ಯಣ್ಣ ತಲೆ ತಗ್ಗಿಸಿದರು.

"ಕಾಣೆಯಾಗಿದೆ ಅಂತ ಮೈಸೂರಿಗೆ ತಂತಿ ಕೊಟ್ಟಾಗಿದೆ," ಎಂದರು ಗುಮಾಸ್ತರು ಮೆಲ್ಲಗೆ. "ವರದಿ ಬರೀಲೇಬೇಕು. ಎಲ್ಲೋ ಇಟ್ಟು ಮರೆತಿದ್ರು, ಸಿಕ್ತು ಅಂತ ಬರೀತೀನಿ."

"ಹಂಗೇ ಬರೀರಿ," ಎಂದರು ಮುನಿಲಕ್ಷ್ಮಮ್ಮ. "ಅಕ್ಕನ ಹೆಸ್ರು ಬೇಡ."

"ಆ ವರದಿ ಎಲ್ಲಿಡ್ತೀರಿ?" ರುಕ್ಮಿಣಮ್ಮ ಕೇಳಿದರು.

"ಇದೇ ಕಾಗದಗಳ ಜತೆ, ಇದೇ ಕಟ್ಟಿನಲ್ಲಿ."

"ಎಷ್ಟು ವರ್ಷ?"

"ಕಾಗದ ಇರೋವರ್ಗೂ ತಾಯಿ. ನಾವೆಲ್ಲ ಹೋದ್ಮೇಲೂ."

"ಹಂಗಾದ್ರೆ ಇದ್ದಿದ್ದನ್ನೇ ಬರೀರಿ. ಸೊಣ್ಣಪ್ಪನ ಹಿರೀಸೊಸೆ ರುಕ್ಮಿಣಮ್ಮ ಕದ್ದಳು ಅಂತ. ಇಪ್ಪತ್ತು ವರ್ಷ ಹುಳು ಸಾಕಿದ್ಳು ಅಂತಾನೂ ಬರೀರಿ. ಮುನಿಲಕ್ಷ್ಮೀದು ತಪ್ಪಿಲ್ಲ ಅಂತಾನೂ."

"ಮಾನ ಹೋಗ್ತದೆ ಕಣೇ!" ಅಪ್ಪಯ್ಯಣ್ಣ ಕೂಗಿದರು.

"ನನ್ನ ಮಾನ ನಂದು. ನೀವು ಸುಮ್ಕಿರಿ."

ಗುಮಾಸ್ತರು ದಫೇದಾರರ ಮುಖ ನೋಡಿದರು. ದಫೇದಾರರು ತಲೆಯಾಡಿಸಿದರು. ಜಗಲಿಯಲ್ಲಿ ಕೂತು ಗುಮಾಸ್ತರು ಒಂದು ಪುಟ ಬರೆದು, ಶಾಯಿ ಹಚ್ಚಿ ರುಕ್ಮಿಣಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡರು.

"ನನ್ನ ಹೆಸ್ರು ಯಾವ್ದು?" ಎಂದರು ರುಕ್ಮಿಣಮ್ಮ.

ಮುನಿಲಕ್ಷ್ಮಮ್ಮ ಬಗ್ಗಿ ಬೆರಳಿಟ್ಟು ತೋರಿಸಿದರು. ರುಕ್ಮಿಣಮ್ಮ ಅದರ ಈ ತುದಿಯಿಂದ ಆ ತುದಿಯವರೆಗೆ ಕಣ್ಣಾಡಿಸಿದರು.

"ಇಷ್ಟುದ್ದ ಇದೆಯಾ?" ಎಂದರು.