ಎಡ ಮೂಲೆಯ ಎರಡು ಗೀಟು

"ಅದಕ್ಕೂ ಒಂದು ಟಿಕೆಟ್ ತಗೊಳ್ಳಿ," ಎಂದ ಕಂಡಕ್ಟರ್.

"ಚೆಕ್ಕಿಗೆ ಯಾಕೆ ಟಿಕೆಟ್ಟು?" ಎಂದಳು ಗಾನವಿ.

"ಸೀಟಲ್ಲಿ ಕೂತೋರಿಗೆಲ್ಲ ಟಿಕೆಟ್ ಐತೆ ಕಣಮ್ಮ. ಅದು ಕಿಟಕಿ ಪಕ್ಕದ ಸೀಟನ್ನೇ ಹಿಡ್ಕೊಂಡು ಕೂತದೆ."

ಕಂಡಕ್ಟರ್ ಹೇಳಿದ್ದು ಸುಳ್ಳಲ್ಲ. ಗಾನವಿಗೂ ಅವಳ ಅಜ್ಜಿ ಪುಟ್ಟಗಂಗಮ್ಮನಿಗೂ ಸೇರಿ ಒಂದೇ ಸೀಟು. ಪಕ್ಕದ ಸೀಟಿನಲ್ಲಿ ಐದಡಿ ಉದ್ದದ ಥರ್ಮೊಕೋಲ್ ಚೆಕ್ಕು ಆರಾಮವಾಗಿ ಒರಗಿಕೊಂಡಿತ್ತು. ತಿಪಟೂರಿನಿಂದ ನೊಣವಿನಕೆರೆಗೆ ಹೊರಟ ಬಸ್ಸಿನಲ್ಲಿ ಎಲ್ಲರೂ ಅದನ್ನೇ ನೋಡುತ್ತಿದ್ದರು.

ಅಂದು ಭಾನುವಾರ. ತಿಪಟೂರಿನಲ್ಲಿ ತೆಂಗಿನ ಗೆಳೆಯರ ಬಳಗದವರು ಕಾಯಿ ಸುಲಿಯುವ ಸ್ಪರ್ಧೆ ಇಟ್ಟಿದ್ದರು. ಹನ್ನೊಂದು ಗಂಡಸರು ತೋಳು ಮಡಚಿ, ಮೀಸೆ ತಿರುವಿ ನಿಂತಿದ್ದರು. ಪುಟ್ಟಗಂಗಮ್ಮ ಸೆರಗು ಸಿಕ್ಕಿಸಿ ನಿಂತಳು. ಅರ್ಧ ಗಂಟೆ ಕಳೆದಾಗ ಅವಳ ಹಾರೆಯ ಪಕ್ಕದಲ್ಲಿ ನೂರಾ ಏಳು ಕಾಯಿ ಬಿದ್ದಿದ್ದವು. ಮೀಸೆಯವರಲ್ಲಿ ಯಾರೂ ತೊಂಬತ್ತು ದಾಟಿರಲಿಲ್ಲ.

ಸ್ಪರ್ಧೆ ಅರ್ಧ ಗಂಟೆಯದಾದರೆ ಭಾಷಣ ಎರಡು ಗಂಟೆಯದು. ಆಮೇಲೆ ಏಳು ಜನ ಪದಾಧಿಕಾರಿಗಳು ಸೇರಿ ಆ ದೊಡ್ಡ ಚೆಕ್ಕನ್ನು ಎತ್ತಿ ಹಿಡಿದರು. ಚೆಕ್ಕಿನ ಮೇಲೆ ಆ ಏಳೂ ಜನರ ಫೋಟೋ ಇತ್ತು, ಗೊಬ್ಬರದ ಅಂಗಡಿಯ ಜಾಹೀರಾತಿತ್ತು. ಅಜ್ಜಿಯ ಹೆಸರು ಕೆಳಗೆಲ್ಲೋ ಇರುವೆ ಸಾಲಿನ ಹಾಗೆ ಇತ್ತು. ಅದೂ 'ಪುಟ್ಟರಂಗಮ್ಮ' ಎಂದಾಗಿತ್ತು. ಫೋಟೋ ತೆಗೆಯುವಾಗ ಚೆಕ್ಕಿನ ಹಿಂದೆ ಮುಚ್ಚಿಹೋಗಿದ್ದವಳು ಅಜ್ಜಿ ಒಬ್ಬಳೇ.

ನಿಜವಾದ ಚೆಕ್ಕು ಚಿಕ್ಕದು. ಅದು ಒಂದು ಕವರಿನಲ್ಲಿ, ಅಜ್ಜಿಯ ಎಲೆಅಡಿಕೆ ಚೀಲದಲ್ಲಿತ್ತು. ಹನ್ನೆರಡು ಸಾವಿರ ರೂಪಾಯಿ. ಅದರಲ್ಲಿ ಅಜ್ಜಿಯ ಹೆಸರು ಸರಿಯಾಗಿಯೇ ಇತ್ತು.

ಗಾನವಿ ಕವರು ತೆಗೆದು ಎರಡನ್ನೂ ಹೋಲಿಸಿ ನೋಡಿದಳು. ಐದನೇ ತರಗತಿಯ ಅವಳಿಗೆ ಎರಡು ಚಿತ್ರಗಳ ನಡುವಿನ ವ್ಯತ್ಯಾಸ ಹುಡುಕುವುದೆಂದರೆ ಇಷ್ಟ.

"ಅಜ್ಜಿ, ದೊಡ್ಡದರ ಎಡ ಮೂಲೇಲಿ ಎರಡು ಓರೆ ಗೀಟು ಐತೆ. ಮಧ್ಯ 'ಎ/ಸಿ ಪೇಯೀ' ಅಂತ ಇಂಗ್ಲಿಷಲ್ಲಿ ಬರೆದವ್ರೆ. ಚಿಕ್ಕದರಲ್ಲಿ ಇಲ್ಲ."

"ಚಿಕ್ಕದರಲ್ಲಿ ಜಾಗ ಸಾಲ್ದೇ ಇದ್ದಿರಬೇಕು ಬುಡು," ಎಂದಳು ಅಜ್ಜಿ. ಅವಳ ಮನಸ್ಸು ಹಲ್ಲಿನ ಡಾಕ್ಟರ ಮೇಲಿತ್ತು. ನಲವತ್ತು ವರ್ಷ ಊರವರ ಕಾಯಿ ಸುಲಿದವಳ ಬಾಯಲ್ಲಿ ಈಗ ಒಂದು ಚೂರು ಕೊಬ್ಬರಿ ಅಗಿಯಲು ಹಲ್ಲಿರಲಿಲ್ಲ. ಹಲ್ಲಿನ ಸೆಟ್ಟಿಗೆ ಹನ್ನೆರಡು ಸಾವಿರ ಎಂದು ಡಾಕ್ಟರು ಹೇಳಿದ್ದರು.

ಅವರು ಮನೆ ತಲುಪಿ ನೀರು ಕುಡಿಯುವಷ್ಟರಲ್ಲಿ ಹನುಮಂತರಾಜು ಬಂದ.

ಹನುಮಂತರಾಜು ಪಕ್ಕದ ಬೀದಿಯವನು. ಜನ ಅವನನ್ನು 'ಬ್ಯಾಂಕ್ ರಾಜಣ್ಣ' ಎನ್ನುತ್ತಿದ್ದರು. ಅವನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿರಲಿಲ್ಲ. ಊರಿನ ಬ್ಯಾಂಕಿನ ಮುಂದಿನ ಕಟ್ಟೆಯ ಮೇಲೆ ಕೂತು ಓದು ಬಾರದವರ ಫಾರಂ ತುಂಬುತ್ತಿದ್ದ. ಜೇಬಿನಲ್ಲಿ ಮೂರು ಬಣ್ಣದ ಮೂರು ಪೆನ್ನು. ಯಾರಿಗೆ ಬ್ಯಾಂಕಿನಿಂದ ಹತ್ತು ರೂಪಾಯಿ ಬಂದರೂ ಅವನ ಕೈ ದಾಟುವಾಗ ಎಂಟಾಗುತ್ತಿತ್ತು. ಉಳಿದ ಎರಡಕ್ಕೆ ಅವನು 'ಜಿಎಸ್‌ಟಿ' ಎನ್ನುತ್ತಿದ್ದ. ಹಾಗೆಂದರೇನು ಎಂದು ಕೇಳಿದರೆ, "ನಿಮಗೆ ಅರ್ಥ ಆಗಲ್ಲ," ಎನ್ನುತ್ತಿದ್ದ.

"ಗಂಗವ್ವ, ನಾಳೆ ನಾನು ತಿಪಟೂರಿಗೆ ಹೋಯ್ತಿದ್ದೀನಿ. ಚೆಕ್ ಕೊಡು, ನಿನ್ನ ಖಾತೆಗೆ ಹಾಕಿ ಬತ್ತೀನಿ," ಎಂದ.

"ರಾಜಣ್ಣ ಮಾವ, ಎ.ಸಿ. ಪೇಯೀ ಅಂದ್ರೇನು?" ಎಂದು ಕೇಳಿದಳು ಗಾನವಿ.

ಹನುಮಂತರಾಜು ಗೋಡೆಗೆ ಒರಗಿಸಿದ್ದ ದೊಡ್ಡ ಚೆಕ್ಕನ್ನು ನೋಡಿದ. ಗಂಟಲು ಸರಿಮಾಡಿಕೊಂಡ.

"ಎ.ಸಿ. ಅಂದ್ರೆ ಎ.ಸಿ. ಕಣಮ್ಮ. ತಣ್ಣಗೆ ಗಾಳಿ ಬತ್ತದಲ್ಲ, ಅದು. ಎ.ಸಿ. ಇರೋ ಬ್ಯಾಂಕಲ್ಲಿ ಮಾತ್ರ ನಡೆಯೋ ಚೆಕ್ಕು ಅಂತ ಅರ್ಥ. ಇವೆಲ್ಲ ದೊಡ್ಡೋರ ವಿಷಯ."

ಅಮ್ಮ ಸುನಂದಾ ಒಳಗಿನಿಂದ ಕಾಫಿ ತಂದುಕೊಟ್ಟಳು. "ಎಷ್ಟು ತಿಳ್ಕೊಂಡವ್ರೆ ನೋಡು," ಎಂದು ಮಗಳಿಗೆ ಹೇಳಿದಳು.

ಗಾನವಿಗೆ ಸಮಾಧಾನವಾಗಲಿಲ್ಲ. ಎ.ಸಿ. ಬ್ಯಾಂಕಿಗೂ ಗೀಟಿಗೂ ಏನು ಸಂಬಂಧ? ಅವಳು ಬಸ್‌ಸ್ಟ್ಯಾಂಡ್ ಕಡೆ ಓಡಿದಳು. ಅಲ್ಲಿ ಅವಳ ಕ್ಲಾಸ್‌ಮೇಟ್ ರುಕ್ಸಾನಳ ಅಪ್ಪ ಅಬ್ದುಲ್ ಖಾದರ್ ಅವರ ಗ್ಯಾರೇಜು. ಅವರು ಟಿಲ್ಲರಿನ ಕೆಳಗೆ ಮಲಗಿ ನಟ್ಟು ಬಿಚ್ಚುತ್ತಿದ್ದರು.

"ಎ.ಸಿ. ಅಲ್ಲಮ್ಮ, ಅಕೌಂಟ್," ಎಂದು ಕೆಳಗಿನಿಂದಲೇ ನಕ್ಕರು. "ಗೀಟು ಇಲ್ದಿರೋ ಚೆಕ್ಕು ನೋಟಿದ್ದಂಗೆ. ಯಾರ ಕೈಲಿ ಐತೋ ಅವರೇ ಬ್ಯಾಂಕಿನ ಕೌಂಟರಲ್ಲಿ ಕೊಟ್ಟು ದುಡ್ಡು ಎಣಿಸ್ಕೊಂಡು ಹೋಗಬೋದು. ನಂದೊಂದು ಚೆಕ್ಕು ಹಂಗೇ ಕಳೆದೋಯ್ತು. ಯಾವನೋ ಪುಣ್ಯಾತ್ಮ ಆರು ಸಾವಿರ ತಗೊಂಡ. ಅವನ ಮುಖ ಇವತ್ತಿನವರೆಗೂ ನಾನು ನೋಡಿಲ್ಲ."

"ಗೀಟು ಹಾಕಿದ್ರೆ?"

"ಎರಡು ಗೀಟು ಹಾಕಿದ್ರೆ ಕೌಂಟರಲ್ಲಿ ಕ್ಯಾಶ್ ಕೊಡಲ್ಲ. ಯಾವುದಾದ್ರೂ ಖಾತೆಗೇ ಹೋಗಬೇಕು. ಮಧ್ಯ ಅಕೌಂಟ್ ಪೇಯೀ ಅಂತಲೂ ಬರೆದ್ರೆ, ಚೆಕ್ಕಿನ ಮೇಲೆ ಯಾರ ಹೆಸರೈತೋ ಅವರ ಖಾತೆಗೇ ಹೋಗಬೇಕು. ಕದ್ದೋನಿಗೆ ಅದು ಬರೀ ಕಾಗದ."

"ಚೆಕ್ ಕೊಟ್ಟೋರು ಹಾಕದಿದ್ರೆ ನಾವು ಹಾಕಬೋದಾ?"

"ಚೆಕ್ಕು ಯಾರ ಹೆಸರಿಗೆ ಕೊಟ್ಟವ್ರೋ ಅವರೂ ಹಾಕಬೋದು. ನಾನು ಈಗ ಹಂಗೇ ಮಾಡ್ತೀನಿ. ನಿಮ್ಮಜ್ಜಿನ ಕೇಳಿ ಹಾಕು, ಕೇಳದೆ ಹಾಕಬ್ಯಾಡ."

ಸಂಜೆ ಗಾನವಿ ಹೇಳಿದ್ದನ್ನೆಲ್ಲ ಅಜ್ಜಿ ಎಲೆಅಡಿಕೆ ಕುಟ್ಟುತ್ತಾ ಕೇಳಿದಳು. ಅಮ್ಮನಿಗೆ ಮಾತ್ರ ಗಾಬರಿಯಾಯಿತು.

"ನೋಟಿನ ಮೇಲೆ ಗೀಚಿದ್ರೇನೇ ಅಂಗಡಿಯವ್ರು ತಗೊಳಲ್ಲ, ಚೆಕ್ಕಿನ ಮೇಲೆ ಗೀಚ್ತಾಳಂತೆ. ಹನ್ನೆರಡು ಸಾವಿರ ಕಣೇ ಅದು. ರಾಜಣ್ಣನಿಗೆ ಗೊತ್ತಿಲ್ದೇ ಇರೋದು ಇವಳಿಗೆ ಗೊತ್ತಾ?"

ಅಜ್ಜಿ ಕುಟ್ಟುವುದನ್ನು ನಿಲ್ಲಿಸಿದಳು.

"ಎರಡೇ ಗೀಟಾ?"

"ಎರಡೇ ಅಜ್ಜಿ."

"ಅವನು ಖಾತೆಗೇ ಹಾಕ್ತೀನಿ ಅಂದವ್ನೆ. ಗೀಟಿದ್ರೆ ಅವನಿಗೇನು ನಷ್ಟ? ಹಾಕು."

ಗಾನವಿ ಸ್ಕೇಲು ಇಟ್ಟಳು. ಉಸಿರು ಬಿಗಿಹಿಡಿದು ಎಡ ಮೂಲೆಯಲ್ಲಿ ಎರಡು ಓರೆ ಗೀಟು ಎಳೆದಳು. ದೊಡ್ಡ ಚೆಕ್ಕನ್ನು ನೋಡಿಕೊಂಡು ಮಧ್ಯದ ಅಕ್ಷರಗಳನ್ನು ಬರೆದಳು. ದೊಡ್ಡ ಚೆಕ್ಕು ಮಾಡಿದ ಉಪಕಾರ ಅದೊಂದೇ. ಯಾವ ಬ್ಯಾಂಕೂ ಮುಟ್ಟದ ಥರ್ಮೊಕೋಲಿಗೆ ಬಳಗದವರು ಅಚ್ಚುಕಟ್ಟಾಗಿ ಗೀಟು ಹಾಕಿದ್ದರು. ದುಡ್ಡು ಬರುವ ಚೆಕ್ಕಿಗೆ ಹಾಕುವುದು ಆ ಏಳೂ ಜನರಿಗೆ ಹೊಳೆದಿರಲಿಲ್ಲ.

ಸೋಮವಾರ ಬೆಳಿಗ್ಗೆ ಹನುಮಂತರಾಜು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಅಜ್ಜಿ ಕವರು ಕೊಟ್ಟಳು. ಗಾನವಿ ಪಾಸ್‌ಬುಕ್ ಚಾಚಿದಳು.

"ಅದೆಲ್ಲ ಬ್ಯಾಡ ಬುಡು. ಚೆಕ್ ಒಂದಿದ್ರೆ ಸಾಕು," ಎಂದು ಅವನು ಕವರನ್ನು ತೆರೆಯದೆ ಜೇಬಿಗಿಳಿಸಿ ಹೊರಟ.

ಖಾತೆಗೆ ಹಾಕಲು ಖಾತೆ ನಂಬರು ಬೇಡವೇ? ಸ್ಕೂಲಿನಲ್ಲಿ ಗಾನವಿಯ ತಲೆಯೊಳಗೆ ಅದೇ ಸುತ್ತುತ್ತಿತ್ತು. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು.

"ರುಕ್ಸಾನ, ನಿಮ್ಮಪ್ಪ ಹೇಳಿದ್ದು ಸರಿ ಇರುತ್ತಲ್ವಾ?"

ರುಕ್ಸಾನ ಯೋಚಿಸಿದಳು. "ಗಾಡಿ ವಿಷಯ ಆದ್ರೆ ಯಾವಾಗ್ಲೂ ಸರಿ. ಬ್ಯಾಂಕ್ ವಿಷಯ ಗೊತ್ತಿಲ್ಲ ಕಣೇ."

ಆ ದಿನ ಗಾನವಿ ಲೆಕ್ಕದಲ್ಲಿ ಐದಕ್ಕೆ ಐದೂ ತಪ್ಪು ಮಾಡಿದಳು.

ಸಂಜೆ ಮನೆಗೆ ಬಂದರೆ ಜಗಲಿಯ ಮೇಲೆ ಹನುಮಂತರಾಜು ನಿಂತಿದ್ದ. ಇಸ್ತ್ರಿ ಅಂಗಿ ಮುದುಡಿತ್ತು. ಮುಖ ಅಂಗಿಗಿಂತ ಮುದುಡಿತ್ತು.

"ಬಂದ್ಲು ನೋಡು ಮೇಡಮ್ಮು. ಚೆಕ್ ಮೇಲೆ ಗೀಚಿದ್ದು ನೀನೇ ತಾನೆ? ಕೆಟ್ಟೋಯ್ತು ಅದು. ಬ್ಯಾಂಕಿನೋರು ನನ್ನ ಮುಖದ ಮೇಲೆ ಎಸೆದ್ರು."

ಅಮ್ಮ ಗಾನವಿಯ ಕಡೆ ಕೈ ಎತ್ತಿ, ಹಾಗೇ ಇಳಿಸಿದಳು. "ಹಲ್ಲು ಕಟ್ಟಿಸ್ಕೊಳ್ಳೋ ದುಡ್ಡು ಅದು. ಹಾಳು ಮಾಡ್ಬಿಟ್ಟೆಯಲ್ಲೇ."

ಗಾನವಿಯ ಕಣ್ಣು ತುಂಬಿತು. ಆದರೂ ಬೆಳಿಗ್ಗೆಯಿಂದ ತಲೆಯಲ್ಲಿ ಸುತ್ತುತ್ತಿದ್ದ ಪ್ರಶ್ನೆ ಬಾಯಿಗೆ ಬಂತು.

"ಮಾವ, ಗೀಟಿದ್ರೆ ಖಾತೆಗೆ ಹೋಯ್ತದಂತೆ. ನೀವೂ ಖಾತೆಗೆ ಹಾಕೋಕೇ ಹೋಗಿದ್ದು. ಮತ್ತೆ ಗೀಟು ಹೆಂಗೆ ಅಡ್ಡ ಬಂತು?"

ಹನುಮಂತರಾಜು ಮೂರು ಪೆನ್ನುಗಳನ್ನೂ ಒಂದೊಂದಾಗಿ ಮುಟ್ಟಿ ನೋಡಿಕೊಂಡ.

"ಜಿಎಸ್‌ಟಿ ಪ್ರಾಬ್ಲಮ್ಮು. ನಿನಗೆ ಅರ್ಥ ಆಗಲ್ಲ. ಗಂಗವ್ವ, ಇದು ನನ್ನ ಹತ್ರನೇ ಇರಲಿ. ಬಳಗದೋರಿಗೆ ಹೇಳಿ ಬೇರೆ ಬರೆಸ್ಕೊಂಡು ಬತ್ತೀನಿ. ಗೀಟಿಲ್ದಿರೋದು."

ಅಜ್ಜಿ ಕೈ ಚಾಚಿದಳು. ಅವಳ ಅಂಗೈ ತೆಂಗಿನ ಮಟ್ಟೆಯ ಹಾಗೆ ಒರಟಾಗಿತ್ತು. ಚಾಚಿದ ಕೈ ಹಾಗೇ ಇತ್ತು. ಕೊನೆಗೆ ಅವನು ಚೆಕ್ಕನ್ನು ಅದರ ಮೇಲಿಟ್ಟು ಮೆಟ್ಟಿಲಿಳಿದ.

ಮಂಗಳವಾರ ಗಾನವಿ ಸ್ಕೂಲಿಗೆ ರಜೆ ಹಾಕಿದಳು. ಅಜ್ಜಿ, ಮೊಮ್ಮಗಳು ಪಾಸ್‌ಬುಕ್ ಹಿಡಿದು ತಿಪಟೂರಿನ ಬ್ಯಾಂಕಿಗೆ ಹೋದರು. ಚೆಕ್ಕೂ ಅಜ್ಜಿಯ ಖಾತೆಯೂ ಅದೇ ಬ್ಯಾಂಕಿನವು. ಒಳಗೆ ಕಾಲಿಟ್ಟ ಕೂಡಲೇ ಗಾನವಿ ಎ.ಸಿ. ಎಲ್ಲಿದೆ ಎಂದು ಹುಡುಕಿದಳು. ಇರಲಿಲ್ಲ. ಕರಕರ ಎನ್ನುವ ಒಂದು ಫ್ಯಾನಿತ್ತು.

ಕೌಂಟರಿನಲ್ಲಿ ಕೂತಿದ್ದವರ ಮುಂದೆ 'ಆಶಾ' ಎಂಬ ಬೋರ್ಡು ಇತ್ತು. ಅವರು ಚೆಕ್ಕು ನೋಡಿದರು, ಪಾಸ್‌ಬುಕ್ ನೋಡಿದರು. ಗಾನವಿ ಕೌಂಟರಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಚೆಕ್ ಕೆಟ್ಟೋಗಿದೆಯಾ ಮೇಡಂ?"

"ಯಾಕೆ ಕೆಡುತ್ತೆ? ಸರಿಯಾಗಿದೆ. ಈ ಸ್ಲಿಪ್ ತುಂಬಿಕೊಡಿ, ಸಂಜೆಯೊಳಗೆ ಖಾತೆಗೆ ಬರುತ್ತೆ."

ಗಾನವಿ ಸ್ಲಿಪ್ ತುಂಬಿದಳು. ಅಜ್ಜಿ ತನ್ನ ಹೆಸರನ್ನು ನಿಧಾನವಾಗಿ, ಒಂದೊಂದೇ ಅಕ್ಷರವಾಗಿ ಬರೆದಳು. ಆಶಾ ಅದನ್ನು ಓದಿ ತಲೆಯೆತ್ತಿದರು.

"ಪುಟ್ಟಗಂಗಮ್ಮ ಅಂದ್ರೆ ನೀವೇನಾ? ಹಾಸಿಗೆ ಹಿಡಿದಿದ್ದೀರಿ ಅಂದ್ರಲ್ಲ."

"ಯಾವ ಹಾಸಿಗೆ?"

"ನಿನ್ನೆ ನಿಮ್ಮ ಮಗ ಬಂದಿದ್ರು. ನಮ್ಮವ್ವ ಮೇಲೇಳೋ ಹಂಗಿಲ್ಲ, ಆಸ್ಪತ್ರೆಗೆ ಸೇರಿಸಬೇಕು, ಕ್ಯಾಶ್ ಕೊಡಿ ಅಂತ ಅತ್ತೇ ಬಿಟ್ರು. ನನಗೂ ಪಾಪ ಅನ್ನಿಸ್ತು. ಗೀಟಿಲ್ಲದಿದ್ರೆ ಕೊಟ್ಟೇಬಿಡ್ತಿದ್ದೆ. ಇದು ಕ್ರಾಸ್ ಮಾಡಿರೋ ಚೆಕ್, ನಾನೇನೂ ಮಾಡೋ ಹಂಗಿಲ್ಲ ಅಂತ ವಾಪಸ್ ಕಳಿಸ್ದೆ."

ಗಾನವಿಯ ಅಪ್ಪನನ್ನು ಬಿಟ್ಟರೆ ಅಜ್ಜಿಗೆ ಬೇರೆ ಮಗನಿರಲಿಲ್ಲ. ಅಪ್ಪ ಕಾಯಿ ಲಾರಿಯಲ್ಲಿ ಹೋದವನು ಇನ್ನೂ ಊರಿಗೆ ಬಂದಿರಲಿಲ್ಲ.

"ಮೂರು ಪೆನ್ನು ಇಟ್ಕೊಂಡಿದ್ರಾ?" ಎಂದು ಕೇಳಿದಳು ಗಾನವಿ.

"ಹೌದು. ಮೂರು ಬಣ್ಣದ್ದು."

ಅಜ್ಜಿ ಆಶಾ ಹರಿದುಕೊಟ್ಟ ಸ್ಲಿಪ್ಪಿನ ಚೂರನ್ನು ಮಡಚಿ ಚೀಲದಲ್ಲಿಟ್ಟುಕೊಂಡಳು. ವಾಪಸು ಬರುವಾಗ ಬಸ್ಸಿನಲ್ಲಿ ಬಹಳ ಹೊತ್ತು ಕಿಟಕಿಯಾಚೆಯ ತೋಟಗಳನ್ನೇ ನೋಡುತ್ತಿದ್ದಳು. ಬಸ್ಸಿನೊಳಗಿನ ಗಲಾಟೆ ಅವಳಿಗೆ ಕೇಳಿಸುವಂತಿರಲಿಲ್ಲ.

"ರಾಜಣ್ಣನವ್ವ ತೀರ್ಕೊಂಡಾಗ ಅವನಿಗೆ ನಾಕು ವರ್ಷ," ಎಂದಳು ಆಮೇಲೆ. "ನಿಮ್ಮಪ್ಪನ ಜೊತೆ ಒಂದೇ ತಟ್ಟೇಲಿ ನನ್ನ ಕೈತುತ್ತು ಉಂಡವ್ನೆ."

ಸಂಜೆ ನಾಲ್ಕು ಗಂಟೆಗೆ ಅಮ್ಮನ ಮೊಬೈಲಿಗೆ ಮೆಸೇಜು ಬಂತು. ಹನ್ನೆರಡು ಸಾವಿರ ಜಮೆಯಾಗಿತ್ತು. ಅಮ್ಮ ಅದನ್ನು ಮೂರು ಸಲ ಓದಿಸಿಕೊಂಡಳು. ಮಗಳ ತಲೆ ಸವರಲು ಬಂದು, ನಾಚಿಕೆಯಾಗಿ, ಜಡೆ ಸರಿಮಾಡಿದ ಹಾಗೆ ಮಾಡಿದಳು.

ಅಷ್ಟರಲ್ಲಿ ಗೇಟಿನ ಸದ್ದಾಯಿತು. ಹನುಮಂತರಾಜು ಬರುತ್ತಿದ್ದ.

ಅಜ್ಜಿ ಜಗಲಿಯ ಮಂಚದ ಮೇಲೆ ಸರಕ್ಕನೆ ಮಲಗಿದಳು. ಮೂಗಿನವರೆಗೂ ಕಂಬಳಿ ಎಳೆದುಕೊಂಡಳು. ಸುಡುವ ಬಿಸಿಲಿತ್ತು.

"ಗಂಗವ್ವ, ನಾನು ಬಳಗದೋರ ಹತ್ರ ಮಾತಾಡಿವ್ನಿ," ಎಂದು ಅವನು ಶುರುಮಾಡಿದ. "ಇದೇನು, ಮಲಗಿಬಿಟ್ಟಿದ್ದೀಯ?"

"ಹಾಸಿಗೆ ಹಿಡಿದಿದ್ದೀನಲ್ಲಪ್ಪ," ಎಂದು ಅಜ್ಜಿ ನರಳಿದಳು. "ಮೇಲೇಳೋ ಹಂಗಿಲ್ಲ. ಆಸ್ಪತ್ರೆಗೆ ಸೇರಿಸಬೇಕು. ನೀನೇ ತಾನೆ ಬ್ಯಾಂಕಲ್ಲಿ ಹೇಳಿದ್ದು? ಕೌಂಟರಲ್ಲಿ ಕೂತಿರೋ ಆಶಾ ಮೇಡಂ ನಿನ್ನ ಕೇಳಿದ್ರು ಕಣಪ್ಪ. ಪಾಪ, ಎಷ್ಟು ಅತ್ತನೋ ಮಗ, ಅಂದ್ರು."

ಈ ಸಲ ಜಿಎಸ್‌ಟಿ ಕೂಡ ಹನುಮಂತರಾಜುವಿನ ಸಹಾಯಕ್ಕೆ ಬರಲಿಲ್ಲ. ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಟ್ಟ. ಮೆಟ್ಟಿಲು ತಪ್ಪಿ ಮುಗ್ಗರಿಸಿದ. ಅವನ ಜೇಬಿನಿಂದ ಒಂದು ಪೆನ್ನು ಬಿತ್ತು. ಅದನ್ನು ಎತ್ತಿಕೊಳ್ಳಲೂ ನಿಲ್ಲದೆ ಗೇಟು ದಾಟಿದ.

ಗಾನವಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅಮ್ಮನೂ ಬಾಗಿಲ ಮರೆಯಲ್ಲಿ ನಕ್ಕಳು. ಗಾನವಿ ಮಂಚದ ಕಡೆ ತಿರುಗಿದಳು. ಅಜ್ಜಿ ಈಗ ಕಂಬಳಿ ಒದ್ದು ಏಳುತ್ತಾಳೆ, ಹಲ್ಲಿಲ್ಲದ ಬಾಯಿ ಅಗಲಿಸಿ ಎಲ್ಲರಿಗಿಂತ ಜೋರಾಗಿ ನಗುತ್ತಾಳೆ ಎಂದು ಕಾದಳು.

ಅಜ್ಜಿ ಏಳಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಗ್ಗುಲಾದಳು.

"ಅಜ್ಜಿ, ಅವರು ಹೋದ್ರು."

"ಗೊತ್ತಾಯ್ತು ಮಗ."

ಅಷ್ಟೇ. ಕಂಬಳಿಯೊಳಗೆ ಬೆನ್ನು ಸಣ್ಣಗೆ ಏರಿಳಿಯುತ್ತಿತ್ತು.

ಗಾನವಿಯ ನಗು ನಿಂತಿತು. ಮಂಚದ ಅಂಚಿನಲ್ಲಿ ಜಾಗ ಮಾಡಿಕೊಂಡು, ಸದ್ದಿಲ್ಲದೆ, ಅಜ್ಜಿಯ ಬೆನ್ನಿಗೆ ತನ್ನ ಬೆನ್ನು ತಾಗಿಸಿ ಕೂತಳು.