ಎಡಗೈಯ ಗಂಜಿ

ಸಿನಿಮಾ ಮುಗಿದು ದೀಪ ಹತ್ತಿದಾಗ ಪರದೆಯ ಹಿಂದಿನ ಬೀಗವಿಲ್ಲದ ಕಪಾಟು ಬರಿದಾಗಿತ್ತು. ಶಹಾಬಾದಿನ ನಮ್ಮ ಚಿತ್ರ ಸಮಾಜಕ್ಕೆ ತಿಂಗಳಿಗೊಂದು ಭಾನುವಾರ ಈ ಸಭಾಂಗಣ ಬಿಟ್ಟುಕೊಡುವ ಕರಾರು ಪತ್ರ ಅದರಲ್ಲಿತ್ತು. ಮರುದಿನ ಮಾಲೀಕರಿಗೆ ಅದನ್ನು ತೋರಿಸದಿದ್ದರೆ ಸಭಾಂಗಣ ಕೈತಪ್ಪುತ್ತಿತ್ತು.

ಎಲ್ಲರ ಕಣ್ಣು ಅಬ್ದುಲ್ ಮಜೀದನ ಮೇಲೆ ಬಿತ್ತು. ಪ್ರೊಜೆಕ್ಟರ್ ನಡೆಸುವವನು ಅವನೇ, ಸಭಾಂಗಣದ ಕೀಲಿ ಇಟ್ಟುಕೊಳ್ಳುವವನೂ ಅವನೇ. ಚಿತ್ರ ಶುರುವಾದಾಗ ಸ್ಪೀಕರ್ ತಂತಿ ಸರಿಪಡಿಸಲು ಪರದೆಯ ಹಿಂದೆ ಹೋಗಿಬಂದಿದ್ದ. "ಚೀಲ ತೋರಿಸಪಾ," ಎಂದು ಮೊದಲು ಕೇಳಿದವನು ನಾನು. ಅದರಲ್ಲಿ ಟಿಫಿನ್ ಡಬ್ಬಿ, ಒಂದು ಸ್ಕ್ರೂಡ್ರೈವರ್, ಅಷ್ಟೇ. ಅವನು ಕೀಲಿಯನ್ನು ಮೇಜಿನ ಮೇಲಿಟ್ಟ.

ನನ್ನ ನೆರೆಮನೆಯ ರಮಾಬಾಯಿ ನಿವೃತ್ತ ವಿಜ್ಞಾನ ಶಿಕ್ಷಕಿ. ಊರಿನ ಎಷ್ಟೋ ಕಳವುಗಳನ್ನು ಆಕೆ ಬಿಡಿಸಿದ್ದಾರೆ, ನಾನು ಅವರ ಹಿಂದೆ ಹಿಂದೆ ತಿರುಗಿದ್ದೇನೆ. ಅಂದು ಸಿನಿಮಾ ನೋಡಲು ಬಂದಿದ್ದ ಆಕೆ ಕಪಾಟನ್ನು ಮುಟ್ಟಲೂ ಇಲ್ಲ. ಎಲ್ಲರಿಗೂ ಚಹಾ ಕೊಡಿಸಿ, ಸಿನಿಮಾ ಹೇಗಿತ್ತೆಂದು ಕೇಳಿದರು.

"ನನಗ ನಿದ್ದಿ ಬಂತ್ರಿ," ಎಂದರು ಸಮಾಜದ ಸದಸ್ಯೆ ಲಾಲಮ್ಮ.

ಕಾರ್ಯದರ್ಶಿ ಲಕ್ಷ್ಮಿಕಾಂತ ಕಣ್ಣೊರೆಸಿಕೊಂಡ. "ಕಡೀಗಿ ಆ ಮುದುಕಿ ಗಂಡಗ ಎಡಗೈಲೆ ಗಂಜಿ ಕುಡಿಸ್ತಾಳಲ್ರಿ, ಭಾಳ ಸಂಕಟ ಆಯ್ತು. ಸಭಾಂಗಣ ಹೋದರ ಹೋಗ್ಲಿ ಬಿಡ್ರಿ, ಬಾಜೂಕಿನ ವಾಡಿ ಊರೊಳಗ ನನ್ನ ಟ್ಯೂಷನ್ ಹಾಲ್ ಅದ."

"ನೀವು ಎಲ್ಲಿ ಕುಂತಿದ್ರಿ?" ಎಂದು ರಮಾಬಾಯಿ ಕೇಳಿದರು.

"ಮುಂದ, ಕಂಬದ ಬಾಜು. ಎದ್ದೇ ಇಲ್ಲ."

ರಮಾಬಾಯಿ ಆ ದೃಶ್ಯವನ್ನು ಮತ್ತೆ ಹಾಕಿಸಿದರು. ಮುದುಕಿ ಚಮಚ ಹಿಡಿದದ್ದು ಬಲಗೈಯಲ್ಲಿ. ಬಳಿಕ ನಮ್ಮನ್ನೆಲ್ಲ ವರಾಂಡದ ಬಾಗಿಲಿನಿಂದ ಪರದೆಯ ಹಿಂದಕ್ಕೆ ಕರೆದೊಯ್ದರು. ತೆಳು ಬಟ್ಟೆಯಲ್ಲಿ ಅದೇ ಮುದುಕಿ, ಅದೇ ಗಂಜಿ, ಆದರೆ ಎಡಗೈ.

"ಹಿಂದಿನಿಂದ ನೋಡಿದ್ರ ಎಡಾ ಬಲಾ ಅದಲುಬದಲು ಆಗ್ತದ," ಎಂದರು ಆಕೆ. "ಎಡಗೈಲೆ ಉಣಿಸಿದ್ದು ನಮ್ಮ ಮಂದಿಗಿ ನೆನಪುಳೀತದ. ಗಂಜಿ ಬಂದಾಗ ಮಜೀದ ನನ್ನ ಬಾಜು ಪ್ರೊಜೆಕ್ಟರ್ ಹತ್ರ ಇದ್ದ. ಇಲ್ಲಿ ಕತ್ತಲಾಗ ನಿಂತವ್ರು ನೀವು. ಎದ್ದೇ ಇಲ್ಲ ಅಂತ ಸುಳ್ಳು ಯಾಕ ಹೇಳಿದ್ರಿ? ಪತ್ರ ತಗೊಂಡಿದ್ದು ಸಮಾಜ ನಿಮ್ಮ ಹಾಲಿಗಿ ಬರಬೇಕಂತ."

ಲಕ್ಷ್ಮಿಕಾಂತ ಅಂಗಿಯೊಳಗಿನಿಂದ ಮಡಚಿದ ಪತ್ರ ತೆಗೆದ. "ಹನ್ನೆರಡು ವರ್ಷ ಕುರ್ಚಿ ಹಾಕೀನಿ, ಒಬ್ರೂ ನನ್ನ ಮಾತು ಕೇಳಂಗಿಲ್ಲ. ತಗೊಂಡು ಹೋಗಿಬಿಡಬೇಕಿತ್ತು. ಆ ಮುದುಕಿನ್ನ ನೋಡಿ ಅಲ್ಲೇ ನಿಂತೆ."

ನನಗೆ ಮುಖವೆತ್ತಲು ನಾಚಿಕೆಯಾಯಿತು. ಕೀಲಿಯನ್ನು ಎತ್ತಿ ಮಜೀದನ ಮುಂದೆ ಹಿಡಿದೆ. ಅವನು ತಂತಿ ಸುತ್ತುತ್ತಲೇ ಇದ್ದ.

"ನಿಮ್ಮ ಹತ್ರಾನೇ ಇರ್ಲಿ ಸಾಹೇಬ್ರ," ಎಂದ.

ಆ ಕೀಲಿ ಈಗಲೂ ನನ್ನ ಬಳಿಯೇ ಇದೆ. ಪ್ರತಿ ತಿಂಗಳು ಸಿನಿಮಾ ಮುಗಿಸಿ ನಾನು ಬೀಗ ಹಾಕುವಾಗ ಮಜೀದ ಪಕ್ಕದಲ್ಲಿ ನಿಂತಿರುತ್ತಾನೆ, ಚೀಲದ ಬಾಯಿ ತೆರೆದು ಹಿಡಿದು.