ಮಾಯಕಾರನ ವಕೀಲರು

ಬೆಟಗೇರಿಯ ಆ ಪ್ರೆಸ್ಸಿನಲ್ಲಿ ಶಿವರಂಜನಿಗೆ ಹೇಸಿಗೆ ಹುಟ್ಟಿಸುವ ಸಂಗತಿಗಳಿಗೆ ಬರವಿರಲಿಲ್ಲ. ಮೆಟ್ಟಿಲ ಮೂಲೆಯಲ್ಲಿ ಯಾರೋ ಉಗಿದ ಗುಟ್ಕಾ, ಮೂರು ಸಲ ಕುದಿಸಿದ ಚಹಾ, ಶಾಯಿ ಒರೆಸಿ ಒರೆಸಿ ಹಲಗೆಯಂತೆ ಗಟ್ಟಿಯಾದ ಅರಿವೆ. ಇವನ್ನೆಲ್ಲ ಅವಳು ಮೂಗು ಮುರಿಯುತ್ತಲೇ ಸಹಿಸಿಕೊಂಡಿದ್ದಳು. ಸಹಿಸಲಾಗದೆ ಉಳಿದವನು ಮಾಯಕಾರ ಒಬ್ಬನೇ.

ಪ್ರೆಸ್ಸು ತಿಂಗಳಿಗೊಮ್ಮೆ ಅಚ್ಚು ಹಾಕುವ ‘ಸಿಡಿಲವೀರ’ ಎಂಬ ಕಾಮಿಕ್ಸಿನಲ್ಲಿ ಈ ಮಾಯಕಾರ ಠಕ್ಕ. ಸಿಡಿಲವೀರ ಹಾರಿ ಬಂದು ಊರು ಉಳಿಸುತ್ತಾನೆ. ಮಾಯಕಾರ ವೇಷ ಬದಲಿಸಿ, ಮಾತು ತಿರುಗಿಸಿ, ನಗುನಗುತ್ತಲೇ ಅವನಿಗೆ ಅಡ್ಡಗಾಲು ಹಾಕುತ್ತಾನೆ. ಹನ್ನೊಂದನೆಯ ಸಂಚಿಕೆಯಲ್ಲಂತೂ ತುಂಬಿದ ಕೆರೆಯ ತೂಬನ್ನೇ ಒಡೆದು ನೀರು ಹರಿಯಬಿಟ್ಟ. ಯಾಕೆಂದು ಬಾಯಿ ಬಿಡಲಿಲ್ಲ. ಊರವರು ಹೊಡೆದು ಹೊರಗಟ್ಟಿದರು. ಒಳ್ಳೆಯದಾಯಿತು ಎಂದುಕೊಂಡಳು ಶಿವರಂಜನಿ.

ಆದರೆ ಪುಸ್ತಕದ ಕೊನೆಯ ಪುಟ ಓದುಗರ ಪತ್ರಗಳದು. ಅಲ್ಲಿ ಊರು ಉಳಿಸಿದವನನ್ನು ಕೇಳುವವರಿಲ್ಲ, ತಿಂಗಳು ತಿಂಗಳು ಮಾಯಕಾರನಿಗೇ ವಕೀಲರು.

“ಠಕ್ಕಗ ಇಷ್ಟು ಮಂದಿ ಬೆಂಬಲ ನೋಡಿದ್ರ ನನಗ ವಾಕರಿಕಿ ಬರ್ತೈತ್ರಿ,” ಎನ್ನುತ್ತಿದ್ದಳು.

“ವಾಕರಿಕಿ ಬರ್ತೈತಿ, ಪೂರ್ಣವಿರಾಮ,” ಎಂದು ಎದುರಿನಿಂದ ಕೊಟ್ರೇಶ ಮುಗಿಸುತ್ತಿದ್ದ.

ಅವರಿಬ್ಬರ ಕೆಲಸವೇ ಹಾಗಿತ್ತು. ಮೂಲಪ್ರತಿಯನ್ನು ಕೊಟ್ರೇಶ ಕೈಯಲ್ಲಿ ಹಿಡಿದು ಗಟ್ಟಿಯಾಗಿ ಓದಬೇಕು, ಅಲ್ಪವಿರಾಮ ಪೂರ್ಣವಿರಾಮಗಳ ಸಮೇತ. ಅವಳು ಪ್ರೂಫಿನ ಮೇಲೆ ಪೆನ್ಸಿಲ್ ಆಡಿಸುತ್ತ ತಪ್ಪು ಹಿಡಿಯಬೇಕು. ಮೂಲಪ್ರತಿ ಅವನ ಕಡೆಯಿಂದ ಅವಳ ಕಡೆಗೆ ಬರುತ್ತಲೇ ಇರಲಿಲ್ಲ. ಮೇಜಿನ ಈ ಕಡೆಗೆ ಬರುತ್ತಿದ್ದದ್ದು ದನಿ, ಆಗೊಮ್ಮೆ ಈಗೊಮ್ಮೆ ಹಾಳೆಯ ಅಂಚಿನ ಮೇಲಿಂದ ಒಂದು ನೋಟ.

ಆ ನೋಟ ಬಂದಾಗ ಅವಳ ಪೆನ್ಸಿಲ್ ನಿಲ್ಲುತ್ತಿತ್ತು. “ಶಿವರಂಜನಿಯವರ ಮುಖದಾಗ ಪ್ರಶ್ನಾರ್ಥಕ,” ಎಂದು ಅವನು ಅದೇ ದನಿಯಲ್ಲಿ ಓದಿಬಿಡುತ್ತಿದ್ದ. ಅವಳು ತಲೆ ಎತ್ತದೆ, ಮೂಲದಲ್ಲಿ ಇಲ್ಲದ್ದನ್ನು ಓದಬೇಡಿ ಎನ್ನುತ್ತಿದ್ದಳು. ಕೆನ್ನೆಯಲ್ಲಿ ಏಳುತ್ತಿದ್ದ ನಗುವನ್ನು ಮಾತ್ರ ಯಾವ ಪೆನ್ಸಿಲ್ಲಿನಿಂದಲೂ ಹೊಡೆದುಹಾಕಲು ಆಗುತ್ತಿರಲಿಲ್ಲ.

ಹೀಗೆ ಎರಡು ವರ್ಷ ಕಳೆದು, ಬರುವ ರವಿವಾರ ಡಂಬಳದಿಂದ ಕೊಟ್ರೇಶನ ಹಿರಿಯರು ಕನ್ಯಾ ನೋಡಲು ಅವಳ ಊರಾದ ಲಕ್ಷ್ಮೇಶ್ವರಕ್ಕೆ ಬರುವುದೆಂದು ನಿಕ್ಕಿಯಾಗಿತ್ತು. ಮದುವೆ ಎಂದರೆ ಮೂಗು ಮುರಿಯುತ್ತಿದ್ದ ಶಿವರಂಜನಿಯೇ ‘ಬರಲಿ’ ಎಂದಿದ್ದಳು.

ಅವಳು ಮೂಗು ಮುರಿಯಲು ಕಾರಣ ಅವಳ ಭಾವ. ಹುಬ್ಬಳ್ಳಿಯಲ್ಲಿ ನೌಕರಿ ಎಂದು ಹೇಳಿ ಅಕ್ಕನನ್ನು ಮದುವೆಯಾದವನು ಅವನು. ಎಂಟು ತಿಂಗಳು ಅಕ್ಕ ನಸುಕಿನಲ್ಲೆದ್ದು ರೊಟ್ಟಿ ಬಡಿದು ಬುತ್ತಿ ಕಟ್ಟಿದಳು. ಇವನು ಇಸ್ತ್ರಿ ಅಂಗಿ ತೊಟ್ಟು ಹೋಗಿ, ಆ ಬುತ್ತಿಯನ್ನು ಯಾವುದೋ ಉದ್ಯಾನದ ಬೆಂಚಿನ ಮೇಲೆ ಬಿಚ್ಚಿ ಉಂಡು, ಸಂಜೆಗೆ ಆಫೀಸಿನ ಸುದ್ದಿ ಕಟ್ಟಿಕೊಂಡು ಬರುತ್ತಿದ್ದ. ನೌಕರಿಯೂ ಇರಲಿಲ್ಲ, ಆಫೀಸೂ ಇರಲಿಲ್ಲ. ಅಕ್ಕ ತವರಿಗೆ ಮರಳಿದಾಗ ಬೀಗರು ಅಂದದ್ದು, ಪಾಪ, ಅವನಿಗೂ ಏನೋ ಕಾರಣ ಇದ್ದೀತು. ಆ ‘ಪಾಪ’ ಎಂಬ ಮಾತು ಕೇಳಿದರೆ ಶಿವರಂಜನಿ ಇವತ್ತಿಗೂ ಅಲ್ಲಿಂದ ಎದ್ದುಹೋಗುತ್ತಾಳೆ.

ಗುರುವಾರ ಡಂಬಳದ ಬಸ್ಸು ಕೆಟ್ಟು ಕೊಟ್ರೇಶ ತಡಮಾಡಿದ. ಹನ್ನೆರಡನೆಯ ಸಂಚಿಕೆ ಅಂದೇ ಅಚ್ಚಿಗೆ ಹೋಗಬೇಕು. ಪ್ರೆಸ್ಸಿನ ಮಾಲೀಕ ಉಳವಪ್ಪನವರು ಪತ್ರಗಳ ಲಕೋಟೆಯನ್ನು ತಂದು, ಈ ಪುಟವನ್ನು ನೀನೇ ನೋಡಿ ಮುಗಿಸು ಎಂದು ಅವಳ ಮುಂದಿಟ್ಟರು.

ಎರಡು ವರ್ಷದಲ್ಲಿ ಮೊದಲ ಸಲ ಮೂಲಪ್ರತಿ ಅವಳ ಕೈಗೆ ಬಂದಿತ್ತು. ಒಂಬತ್ತು ಪತ್ರಗಳು, ಒಂಬತ್ತು ಹೆಸರುಗಳು. ಬಾನುಬಿ, ಮುದಕಪ್ಪ, ಶೇಖವ್ವ, ಹೀಗೆ. ಆದರೆ ಒಂಬತ್ತರಲ್ಲೂ ಅಕ್ಷರ ಒಂದೇ. ಬಲಕ್ಕೆ ವಾಲಿದ, ಕೊಟ್ರೇಶನದೇ ಆದ ಆ ದುಂಡು ಅಕ್ಷರವನ್ನು ಅವಳು ಕತ್ತಲಲ್ಲೂ ಗುರುತಿಸಬಲ್ಲಳು. ಒಳಗಿದ್ದದ್ದನ್ನು ಓದುವ ತಾಳ್ಮೆ ಅವಳಿಗೆ ಉಳಿಯಲಿಲ್ಲ. ಪತ್ರಗಳ ಪುಟವನ್ನು ತೆಗೆಸಿ, ಅಲ್ಲಿಗೆ ಹೊಲಿಗೆ ಯಂತ್ರದ ಚಿತ್ರವಿದ್ದ ಟೇಲರ್ ಅಂಗಡಿಯ ಜಾಹೀರಾತು ಹಾಕಿಸಿದಳು.

ಮಧ್ಯಾಹ್ನ ಕೊಟ್ರೇಶ ಬೆವರೊರೆಸುತ್ತ ಬಂದು ಕೂತ. ಅವಳು ಪತ್ರಗಳನ್ನು ಅವನ ಮುಂದೆ ಹರಡಿದಳು.

“ಇವು ನಿಮ್ಮ ಕೈಲೆ ಬರದದ್ದು ಹೌದಲ್ರಿ?”

“ಹೌದ್ರಿ.”

“ನಮ್ಮ ಭಾವ ಒಂದ ವೇಷ ಹಾಕಿದ್ದ. ನೀವು ಒಂಬತ್ತು ಹಾಕೀರಿ. ನನಗ ನಿಮ್ಮ ಮಾರಿ ನೋಡಾಕ ಹೇಸಿಗಿ ಆಗ್ತೈತಿ. ರವಿವಾರ ಬರೂದು ಬ್ಯಾಡ.”

ಅವನ ತುಟಿ ಒಂದು ಸಲ ತೆರೆಯಿತು. ಶೇಖವ್ವನ ಹೆಸರಿದ್ದ ಪತ್ರದ ಮೇಲೆ ಕಣ್ಣು ಬಿತ್ತು. ತುಟಿ ಮತ್ತೆ ಮುಚ್ಚಿತು.

“ಆತ್ರಿ,” ಎಂದು ಎದ್ದುಹೋದ.

ಶುಕ್ರವಾರ ಅವನು ಬರಲಿಲ್ಲ. ಶಿವರಂಜನಿ ತಾನೇ ಓದಿ ತಾನೇ ತಿದ್ದಿದಳು. ಪೂರ್ಣವಿರಾಮ ಎನ್ನುವವರಿಲ್ಲದೆ ವಾಕ್ಯಗಳು ಒಂದರೊಳಗೊಂದು ಕಲಸಿಹೋದವು. ಅವನ ಮೇಲೆ ಹೇಸಿಗೆ, ಅವನಿಲ್ಲದ್ದಕ್ಕೆ ಕಣ್ಣು ತುಂಬುವ ತನ್ನ ಮೇಲೆ ಇನ್ನೂ ಹೇಸಿಗೆ.

ಶನಿವಾರ ಬೆಳಿಗ್ಗೆ ಒಬ್ಬ ಮುದುಕಿ ಹೊಸ ಸಂಚಿಕೆಯನ್ನು ಕಂಕುಳಲ್ಲಿ ಇಟ್ಟುಕೊಂಡು ದಡದಡ ಮೆಟ್ಟಿಲೇರಿ ಬಂದಳು. ಡಂಬಳದ ಬಾನುಬಿ. ತನ್ನ ಪತ್ರ ಎಲ್ಲಿ, ಅದರ ಜಾಗದಲ್ಲಿ ಈ ಅಂಗಿ ಹೊಲಿಯುವವನು ಯಾಕೆ ಬಂದ ಎಂದು ಜಗಳಕ್ಕೇ ನಿಂತಳು. ಶಿವರಂಜನಿ, ಅವು ಕೊಟ್ರೇಶ ಬರೆದ ಪತ್ರಗಳಲ್ಲವೇ ಎಂದಳು.

“ಬರದಾಂವ ಅವನ. ಹೇಳಿದಾಕಿ ನಾನು,” ಎಂದಳು ಬಾನುಬಿ. “ನಮಗ ಅಕ್ಷರ ಬರ್ತಾವೇನವಾ? ಕೆರಿ ಏರಿ ಮ್ಯಾಲೆ ಕುಂತು ಅಂವ ಓದ್ತಾನ, ನಾವು ಕೇಳ್ತೀವಿ. ನಾವು ಹೇಳ್ತೀವಿ, ಅಂವ ಬರೀತಾನ.”

ಶಿವರಂಜನಿ ಲಕೋಟೆ ತೆಗೆದು ಬಾನುಬಿಯ ಪತ್ರವನ್ನು ಓದಿದಳು, ಈ ಸಲ ಅಕ್ಷರವನ್ನಲ್ಲ, ಮಾತನ್ನು. ‘ಸಿಡಿಲವೀರ ಮನೆಗೆ ಬಂದಾಗಲೆಲ್ಲ ಅವನ ಅವ್ವ ಉಣ್ಣಲು ನೀಡುತ್ತಾಳೆ. ಹನ್ನೊಂದು ಪುಸ್ತಕದಲ್ಲಿ ಮಾಯಕಾರನಿಗೆ ಊಟವಾಯಿತೇ ಎಂದು ಒಬ್ಬರಾದರೂ ಕೇಳಿದ್ದಾರೆಯೇ? ಕೇಳದವರಿಗೆ ಅವನು ಯಾಕೆ ಕಾರಣ ಹೇಳಬೇಕು?’

ಮುದಕಪ್ಪನದು ಬೇರೆಯದೇ ವಾದ. ಅವನು ನಲವತ್ತು ವರ್ಷ ಕೆರೆಯ ತೂಬು ಕಾಯ್ದ ಮನುಷ್ಯನೆಂದು ಬಾನುಬಿ ಹೇಳಿದಳು. ‘ಚಿತ್ರವನ್ನು ಸರಿಯಾಗಿ ನೋಡಿರಿ. ಏರಿಯಲ್ಲಿ ಬಿರುಕು ಇದೆ. ತೂಬು ಒಡೆದು ನೀರು ಬಿಡದಿದ್ದರೆ ಏರಿಯೇ ಒಡೆದು ಊರು ಮುಳುಗುತ್ತಿತ್ತು.’

ಅವಳು ಹನ್ನೊಂದನೆಯ ಸಂಚಿಕೆಯನ್ನು ತೆಗೆದು ನೋಡಿದಳು. ಏರಿಯ ಬುಡದಲ್ಲಿ ಬಿರುಕು ಇತ್ತು, ಕೂದಲೆಳೆಯಷ್ಟಲ್ಲ, ಬೆರಳು ಹೋಗುವಷ್ಟು. ಆ ಪುಟವನ್ನು ಅವಳೇ ಮೂರು ಸಲ ತಿದ್ದಿದ್ದಳು. ಅಕ್ಷರಗಳನ್ನು ಮಾತ್ರ. ಚಿತ್ರದ ಕಡೆ ಕಣ್ಣು ಹಾಯಿಸಿರಲೇ ಇಲ್ಲ.

ಭಾವನ ಮೇಲಿನ ಹೇಸಿಗೆ ಒಂದು ಚೂರೂ ಕಡಿಮೆಯಾಗಲಿಲ್ಲ. ಅವನಿಗೆ ಎಲ್ಲರೂ ಉಣ್ಣಲು ನೀಡಿದ್ದರು, ಎಲ್ಲರೂ ಕೇಳಿದ್ದರು, ಆದರೂ ಸುಳ್ಳು ಹೇಳಿದ. ಭಾವನ ಹೊಲಸು ಹತ್ತಿದ ಕೈಯಲ್ಲೇ ತಾನು ಕೊಟ್ರೇಶನನ್ನು ಮುಟ್ಟಿ ಅವನೇ ಮೈಲಿಗೆ ಎಂದುಬಿಟ್ಟೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಬಾನುಬಿ ಹೆಸರುಗಳನ್ನು ಒಂದೊಂದಾಗಿ ಕೇಳಿ ಹೂಂ ಹೂಂ ಎನ್ನುತ್ತಿದ್ದಳು. ಶೇಖವ್ವ ಎಂದಾಗ ಹುಬ್ಬು ಗಂಟಿಕ್ಕಿದಳು. ಏರಿಯ ಮೇಲೆ ಕೂಡುವವರಲ್ಲಿ ಆ ಹೆಸರಿನವಳು ಯಾರೂ ಇಲ್ಲವಂತೆ. ಶಿವರಂಜನಿ ಆ ಪತ್ರವನ್ನು ಕೊನೆಗೆ ಬಿಡಿಸಿದಳು.

‘ಮಾಯಕಾರನನ್ನು ದಿನಾ ಬಯ್ಯುವ ಒಬ್ಬಾಕೆಯನ್ನು ಬಲ್ಲೆ. ಆಕೆ ಒಂದು ಸಲ ನಕ್ಕು ಕೇಳಿದರೆ, ಅವನು ಎಲ್ಲ ವೇಷ ಬಿಚ್ಚಿಟ್ಟು ನಿಜ ಹೇಳುತ್ತಾನೆ.’

ಅವಳು ಅರ್ಧ ದಿನ ರಜೆ ಹಾಕಿ ಬಾನುಬಿಯೊಂದಿಗೆ ಬಸ್ಸು ಹತ್ತಿದಳು.

ಡಂಬಳದ ಕೆರೆಯ ಏರಿಯ ಮೇಲೆ ಬೇವಿನ ನೆರಳಲ್ಲಿ ಏಳೆಂಟು ಜನ ಕೂತಿದ್ದರು. ಕೊಟ್ರೇಶ ನಡುವೆ ಕೂತು ಹೊಸ ಸಂಚಿಕೆಯನ್ನು ಓದುತ್ತಿದ್ದ. ಎರಡು ದಿನದ ಗಡ್ಡ, ದನಿಯಲ್ಲಿ ಜೀವವಿಲ್ಲ. ಅವಳನ್ನು ಕಂಡು ವಾಕ್ಯದ ನಡುವೆಯೇ ಓದು ನಿಲ್ಲಿಸಿದ.

“ಶೇಖವ್ವ ಯಾರ್ರಿ?” ಎಂದಳು.

“ನಾನ.”

“ಉಳಿದವು ಮಂದಿ ಮಾತು ಅಂತ ಅವತ್ತ ಯಾಕ ಹೇಳಲಿಲ್ಲ?”

“ನೀವು ಕೇಳಿದ್ದು ಕೈ ಯಾರದು ಅಂತ. ಮಾತು ಯಾರದು ಅಂತ ಕೇಳಲಿಲ್ಲ. ಮ್ಯಾಲೆ ಒಂಬತ್ತರಾಗ ಒಂದು ಖರೇನ ಸುಳ್ಳಿತ್ತು. ಅದನ್ನ ಮುಚ್ಚಿಟ್ಟು ಉಳಿದ ಎಂಟು ಖರೆ ಅಂತ ಹೆಂಗ ಹೇಳ್ಲಿ?”

“ಆ ಒಂದು ಸುಳ್ಳು ನನಗ ಈಗೂ ಹೇಸಿಗಿನ. ಹೇಳೂದಿದ್ರ ನಿಮ್ಮ ಹೆಸರಿಲೆ ಹೇಳ್ರಿ.”

ಕೊಟ್ರೇಶ ಪುಸ್ತಕ ಮುಚ್ಚಿದ. ಈ ಸಲ ನೋಟ ಹಾಳೆಯ ಅಂಚಿನ ಮೇಲಿಂದ ಬರಲಿಲ್ಲ, ನೆಟ್ಟಗೆ ಬಂತು. ಮೂಲಪ್ರತಿ ಓದುವ ಅದೇ ನಿಧಾನದಲ್ಲಿ ಅಂದ, “ಶಿವರಂಜನಿ ಅಂದ್ರ ನನಗ ಜೀವ. ಪೂರ್ಣವಿರಾಮ.”

ಮುದಕಪ್ಪ ಕೆಮ್ಮಿದ. ಬಾನುಬಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಶಿವರಂಜನಿಗೆ ಕಿವಿಯ ತುದಿಯವರೆಗೂ ಬಿಸಿಯೇರಿತು. ಅವನ ಪಕ್ಕದಲ್ಲಿ ಬುತ್ತಿಯ ಗಂಟು ಬಿಚ್ಚದೆ ಹಾಗೆಯೇ ಇತ್ತು. ಅದನ್ನು ನೋಡಿ, ಆಮೇಲೆ ಅವನನ್ನು ನೋಡಿ, ಅವಳು ಮೊದಲ ಸಲ ಮುಚ್ಚುಮರೆಯಿಲ್ಲದೆ ನಕ್ಕಳು.

“ಊಟ ಆತೇನ್ರಿ?”

ಅವನು ಇಲ್ಲವೆಂದು ತಲೆಯಾಡಿಸಿದ. ಕಣ್ಣಲ್ಲಿ ನೀರಿತ್ತು.

“ಹಂಗಾದ್ರ ಈಗ ಸ್ವಲ್ಪ ಉಣ್ರಿ,” ಎಂದಳು. “ನಾಳೆ ನಿಮ್ಮ ಹಿರ್‍ಯಾರನ್ನ ಕರಕೊಂಡು ಲಕ್ಷ್ಮೇಶ್ವರಕ್ಕ ಹಸಕೊಂಡ ಬರ್ರಿ.”